ವಿದ್ಯೆಯ ಬಾಗಿಲಿಗೆ ಅಧಿಕಾರದ ಅಗುಳಿ

ವಿದ್ಯೆಗೆ ಅಡ್ಡ ನಿಂತವರು ತಮ್ಮನ್ನು ವಿದ್ಯಾದ್ವೇಷಿಗಳೆಂದು ಹೇಳಿಕೊಂಡ ಪ್ರಸಂಗ ಇತಿಹಾಸದಲ್ಲಿ ಬಹಳ ಅಪರೂಪ. ಅವರು ಸಾಮಾನ್ಯವಾಗಿ ವಿದ್ಯೆಯ ಕಾವಲುಗಾರರಾಗಿಯೇ ಮಾತನಾಡಿದ್ದಾರೆ, ಅದರ ಪಾವಿತ್ರ್ಯ ಕೆಡಬಾರದು, ಅದು ಅಪಾತ್ರರ ಕೈ ಸೇರಬಾರದು, ಯೋಗ್ಯತೆಯಿಲ್ಲದವನಿಗೆ ಅದರಿಂದ ಕೇಡೇ ಆದೀತು ಎಂಬ ಕಾಳಜಿಯ ಮಾತಿನಲ್ಲಿ ತಮ್ಮ ನಿಷೇಧವನ್ನು ಮುಂದಿಟ್ಟಿದ್ದಾರೆ. ಭಾರತೀಯ ಚಿಂತನೆಯಲ್ಲಿ ಈ ಕಾಳಜಿಗೆ ಒಂದು ಪಾರಿಭಾಷಿಕ ಹೆಸರೇ ಇದೆ: ಅಧಿಕಾರ. ಇಂದಿನ ಕನ್ನಡದಲ್ಲಿ ಅಧಿಕಾರವೆಂದರೆ ಆಳುವ ಬಲ, ಹುದ್ದೆ, ಪದವಿ. ಶಾಸ್ತ್ರಗಳಲ್ಲಿ ಅದೇ ಪದಕ್ಕೆ ಒಂದು ಕರ್ಮವನ್ನು ಮಾಡಲು ಅಥವಾ ಒಂದು ವಿದ್ಯೆಯನ್ನು ಪಡೆಯಲು ಒಬ್ಬನಿಗಿರುವ ಅರ್ಹತೆ ಎಂದರ್ಥ. ಅರ್ಹತೆಯ ವಿಚಾರವಾಗಿ ಹುಟ್ಟಿದ ಒಂದು ಪರಿಕಲ್ಪನೆ ಹೇಗೆ ಬಾಗಿಲ ಅಗುಳಿಯಾಯಿತು, ಅದನ್ನು ಹಾಕಿದವರು ಯಾವ ತರ್ಕದಿಂದ ಹಾಕಿದರು, ಆ ತರ್ಕ ಎಲ್ಲಿ ಜಾರಿತು ಎಂಬುದು ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ಪ್ರಶ್ನೆ.

ಅರ್ಹತೆಯ ವಿಚಾರವೇ ತಪ್ಪೆಂದು ಯಾರೂ ಹೇಳಲಾರರು. ಕೂಡಿಸುವುದು ಬಾರದವನಿಗೆ ಗುಣಾಕಾರ ಹೇಳಿಕೊಡುವುದಿಲ್ಲ. ಮನಸ್ಸು ನಿಲ್ಲದವನಿಗೆ ಧ್ಯಾನದ ಮಾತು ರುಚಿಸುವುದಿಲ್ಲ. ವೇದಾಂತ ಗ್ರಂಥಗಳು ಬ್ರಹ್ಮವಿದ್ಯೆಗೆ ಬರುವವನಲ್ಲಿ ನಾಲ್ಕು ಸಾಧನಗಳು ಇರಬೇಕೆಂದು ಹೇಳುತ್ತವೆ: ನಿತ್ಯವಾದದ್ದು ಯಾವುದು, ಅನಿತ್ಯವಾದದ್ದು ಯಾವುದು ಎಂಬ ವಿವೇಕ, ಇಹಪರಗಳ ಭೋಗಗಳಲ್ಲಿ ವೈರಾಗ್ಯ, ಶಮ, ದಮ ಮೊದಲಾದ ಆರು ಗುಣಗಳ ಸಂಪತ್ತು, ಬಿಡುಗಡೆಯ ತೀವ್ರ ಬಯಕೆಯಾದ ಮುಮುಕ್ಷುತ್ವ. ಈ ಪಟ್ಟಿಯಲ್ಲಿ ಕುಲದ ಹೆಸರಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ. ಬ್ರಹ್ಮಸೂತ್ರಗಳ ಮೊದಲ ಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು ಬ್ರಹ್ಮಜಿಜ್ಞಾಸೆಗೆ ಪೂರ್ವಭಾವಿಯಾಗಿ ಹೇಳುವುದು ಈ ನಾಲ್ಕನ್ನೇ. ಧರ್ಮಜಿಜ್ಞಾಸೆ, ಅಂದರೆ ಯಜ್ಞಾದಿ ಕರ್ಮಗಳ ವಿಚಾರ, ಮೊದಲು ನಡೆದಿರಲೇಬೇಕೆಂಬ ನಿರ್ಬಂಧವನ್ನೂ ಅವರು ಅಲ್ಲಿ ತಳ್ಳಿಹಾಕುತ್ತಾರೆ. ಅದೇ ಅಧ್ಯಾಯದ ಮೂರನೆಯ ಪಾದಕ್ಕೆ ಬರುವ ಹೊತ್ತಿಗೆ ಚಿತ್ರ ಬದಲಾಗುತ್ತದೆ.

ಆ ಬದಲಾವಣೆಯ ಬೇರು ಮೀಮಾಂಸಾಶಾಸ್ತ್ರದಲ್ಲಿದೆ. ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಈ ಶಾಸ್ತ್ರದ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳು ತಮ್ಮ ಆರನೆಯ ಅಧ್ಯಾಯವನ್ನು ಅಧಿಕಾರದ ಚರ್ಚೆಗೇ ಮೀಸಲಿಟ್ಟಿವೆ. ಕರ್ಮಕ್ಕೆ ಅಧಿಕಾರಿಯಾಗುವವನಿಗೆ ಅದರ ಫಲದ ಬಯಕೆ ಇರಬೇಕು, ಅದನ್ನು ನೆರವೇರಿಸುವ ಸಾಮರ್ಥ್ಯ ಇರಬೇಕು, ಶಾಸ್ತ್ರ ಅವನನ್ನು ಹೊರಗಿಟ್ಟಿರಬಾರದು. ಸ್ವರ್ಗವನ್ನು ಬಯಸುವವನು ಯಜ್ಞ ಮಾಡಬೇಕೆಂದು ವೇದ ಹೇಳುವಾಗ ಸ್ವರ್ಗವನ್ನು ಬಯಸದ ಮನುಷ್ಯನೇ ಇಲ್ಲವಾದ್ದರಿಂದ ಎಲ್ಲರಿಗೂ ಅಧಿಕಾರ ಬರಬೇಕಲ್ಲವೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಯಜ್ಞಾಗ್ನಿಯನ್ನು ಬ್ರಾಹ್ಮಣನು ವಸಂತದಲ್ಲಿ, ಕ್ಷತ್ರಿಯನು ಗ್ರೀಷ್ಮದಲ್ಲಿ, ವೈಶ್ಯನು ಶರತ್ಕಾಲದಲ್ಲಿ ಸ್ಥಾಪಿಸಬೇಕೆಂದು ವಿಧಿಯಿದೆ, ಶೂದ್ರನಿಗೆ ಋತುವೇ ಹೇಳಿಲ್ಲ, ಅಗ್ನಿಯಿಲ್ಲದೆ ಯಜ್ಞವಿಲ್ಲ, ಆದ್ದರಿಂದ ಅವನಿಗೆ ಅಧಿಕಾರವಿಲ್ಲ ಎಂಬುದು ಸಿದ್ಧಾಂತ. ಆದರೆ ಇದಕ್ಕೆ ಎದುರಾಗಿ ಬಾದರಿ ಎಂಬ ಪ್ರಾಚೀನ ಆಚಾರ್ಯನ ಮತವನ್ನು ಜೈಮಿನಿಯ ಸೂತ್ರವೇ ಹೆಸರು ಹೇಳಿ ದಾಖಲಿಸುತ್ತದೆ: ಆ ವಾಕ್ಯ ಯಾರಿಗೆ ಯಾವ ಋತು ಎಂಬುದನ್ನಷ್ಟೇ ಗೊತ್ತುಮಾಡುತ್ತದೆ, ಅಧಿಕಾರವನ್ನು ಮೂವರಿಗೆ ಸೀಮಿತಗೊಳಿಸುವುದಿಲ್ಲ, ಆದ್ದರಿಂದ ಎಲ್ಲರಿಗೂ ಅಧಿಕಾರವುಂಟು. ಬಾದರಿಯ ಮತ ಅಲ್ಲಿ ಗೆಲ್ಲಲಿಲ್ಲ. ಆದರೂ ಬಹಿಷ್ಕಾರವೇ ಪರಂಪರೆಯ ಏಕಕಂಠದ ಮಾತಾಗಿತ್ತೆಂದು ಇಂದು ಹೇಳುವವರಿಗೆ, ಅವರು ಅದನ್ನು ಸಮರ್ಥಿಸುವವರಿರಲಿ ನಿಂದಿಸುವವರಿರಲಿ, ಆ ಒಂದು ಸೂತ್ರ ಉತ್ತರವಾಗಿ ನಿಂತಿದೆ.

ಜೈಮಿನಿಯ ಅದೇ ಅಧ್ಯಾಯದಲ್ಲಿ ಇನ್ನೆರಡು ಸ್ವಾರಸ್ಯದ ಚರ್ಚೆಗಳಿವೆ. ರಥಕಾರ, ಅಂದರೆ ತೇರು ಮಾಡುವವನು, ಮಳೆಗಾಲದಲ್ಲಿ ಅಗ್ನಿಯನ್ನು ಸ್ಥಾಪಿಸಬೇಕೆಂದು ವೇದದಲ್ಲಿ ಮಾತಿದೆ. ಈತ ಮೂರು ವರ್ಣಗಳ ಹೊರಗಿನವನೇ ಎಂದು ಸಿದ್ಧಾಂತ ಒಪ್ಪಿಕೊಂಡು ಅವನಿಗೆ ಅಧಿಕಾರ ಕೊಡುತ್ತದೆ. ನಿಷಾದಸ್ಥಪತಿ ಎಂಬವನಿಂದ ರುದ್ರದೇವತಾಕವಾದ ಒಂದು ಇಷ್ಟಿಯನ್ನು ಮಾಡಿಸಬೇಕೆಂಬ ಇನ್ನೊಂದು ವಿಧಿಯಿದೆ. ಈ ಸಮಾಸವನ್ನು ನಿಷಾದರಿಗೆ ಒಡೆಯನಾದ ಮೇಲ್ವರ್ಣದವನು ಎಂದು ಬಿಡಿಸಬೇಕೋ, ಸ್ವತಃ ನಿಷಾದನೇ ಆದ ಒಡೆಯ ಎಂದು ಬಿಡಿಸಬೇಕೋ ಎಂಬ ಪ್ರಶ್ನೆಗೆ ಮೀಮಾಂಸಕರು ಎರಡನೆಯದೇ ಸರಿಯೆಂದು ತೀರ್ಮಾನಿಸುತ್ತಾರೆ, ಏಕೆಂದರೆ ಪದಗಳು ನೇರವಾಗಿ ಕೊಡುವ ಅರ್ಥ ಅದು. ಮೊದಲ ರೀತಿಯಲ್ಲಿ ಬಿಡಿಸಿದರೆ ಪದದಲ್ಲಿಲ್ಲದ ಸಂಬಂಧವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಕಾಡಿನ ನಿಷಾದನಿಗೆ ಆ ಕರ್ಮಕ್ಕೆ ಬೇಕಾದಷ್ಟು ವೇದಭಾಗವನ್ನು ಕಲಿಯುವ ಅಧಿಕಾರವೂ ಇದರಿಂದ ತಾನಾಗಿಯೇ ಬರುತ್ತದೆ. ವ್ಯಾಕರಣಕ್ಕೆ ನಿಷ್ಠರಾದಾಗ ಈ ವಿದ್ವಾಂಸರು ಸಮಾಜದ ಕಟ್ಟುಪಾಡನ್ನೂ ಮೀರಿ ನಡೆದರೆಂಬುದು ನೆನಪಿನಲ್ಲಿರಬೇಕಾದ ಸಂಗತಿ, ಏಕೆಂದರೆ ಮುಂದೆ ಬರುವ ಪ್ರಸಂಗದಲ್ಲಿ ಆ ನಿಷ್ಠೆ ಕಾಣುವುದಿಲ್ಲ.

ಬ್ರಹ್ಮಸೂತ್ರಗಳ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ 34ರಿಂದ 38ರವರೆಗಿನ ಐದು ಸೂತ್ರಗಳ ಗುಂಪಿಗೆ ಅಪಶೂದ್ರಾಧಿಕರಣವೆಂದು ಹೆಸರು. ಒಂದು ವಿಷಯವನ್ನು ಎತ್ತಿಕೊಂಡು, ಸಂಶಯ, ಪೂರ್ವಪಕ್ಷಗಳನ್ನು ದಾಟಿ ಸಿದ್ಧಾಂತಕ್ಕೆ ಬರುವ ಚರ್ಚೆಯ ಘಟಕವನ್ನು ಅಧಿಕರಣವೆನ್ನುತ್ತಾರೆ. ಇದಕ್ಕೆ ಮೊದಲು ಬರುವುದು ದೇವತಾಧಿಕರಣ. ದೇವತೆಗಳಿಗೂ ಬ್ರಹ್ಮವಿದ್ಯೆಯಲ್ಲಿ ಅಧಿಕಾರವಿದೆಯೇ ಎಂದು ಅಲ್ಲಿ ಪ್ರಶ್ನೆ. ಇದೆ ಎಂದು ಉತ್ತರ. ದೇವತೆಗಳಿಗೆ ಉಪನಯನವಾಗುವುದಿಲ್ಲವಲ್ಲ, ಉಪನಯನವಿಲ್ಲದೆ ವೇದಾಧ್ಯಯನ ಹೇಗೆ ಎಂಬ ಆಕ್ಷೇಪಕ್ಕೆ ಶಂಕರರು, ಉಪನಯನವಿರುವುದು ವೇದಾಧ್ಯಯನಕ್ಕಾಗಿ, ದೇವತೆಗಳಿಗಾದರೋ ವೇದ ತಾನಾಗಿಯೇ ಹೊಳೆಯುತ್ತದೆ, ಆದ್ದರಿಂದ ಉಪನಯನದ ವಿಧಿ ಅವರ ಅಧಿಕಾರವನ್ನು ತಡೆಯದು ಎಂದು ಸಮಾಧಾನ ಹೇಳುತ್ತಾರೆ. ಹಾಗಾದರೆ ಉಪನಯನವೊಂದು ಸಾಧನ. ಜ್ಞಾನ ಬೇರೆ ದಾರಿಯಿಂದ ಬಂದರೆ ಆ ಸಾಧನವಿಲ್ಲದಿದ್ದರೂ ಬಾಧಕವಿಲ್ಲ ಎಂದಾಯಿತು. ಪುಟ ತಿರುವಿದ ಕೂಡಲೇ ಬರುವ ಅಪಶೂದ್ರಾಧಿಕರಣದಲ್ಲಿ ಮಾತ್ರ ಉಪನಯನವಿಲ್ಲವೆಂಬುದೇ ಶೂದ್ರನನ್ನು ಹೊರಗಿಡಲು ಕೊಡುವ ಮುಖ್ಯ ಕಾರಣ.

ಚರ್ಚೆಗೆ ಆಧಾರವಾದದ್ದು ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಜಾನಶ್ರುತಿಯ ಕಥೆ. ಜಾನಶ್ರುತಿ ಪೌತ್ರಾಯಣನು ದೊಡ್ಡ ದಾನಿ, ಎಲ್ಲೆಡೆಯ ಜನರೂ ತನ್ನ ಅನ್ನವನ್ನೇ ಉಣ್ಣಲೆಂದು ಅಲ್ಲಲ್ಲಿ ಛತ್ರಗಳನ್ನು ಕಟ್ಟಿಸಿದವನು. ಒಂದು ರಾತ್ರಿ ಅವನ ಮೇಲಿಂದ ಹಾರಿಹೋಗುತ್ತಿದ್ದ ಹಂಸಗಳಲ್ಲಿ ಒಂದು ಅವನ ತೇಜಸ್ಸನ್ನು ಹೊಗಳಿತು; ಇನ್ನೊಂದು, ಗಾಡಿಯ ರೈಕ್ವನ ಮುಂದೆ ಇವನೆಷ್ಟರವನು ಎಂದಿತು. ಆ ಮಾತು ಕಿವಿಗೆ ಬಿದ್ದು ನಿದ್ದೆಗೆಟ್ಟ ಜಾನಶ್ರುತಿ ಬೆಳಗಾದ ಮೇಲೆ ರೈಕ್ವನನ್ನು ಹುಡುಕಲು ಸಾರಥಿಯನ್ನು ಅಟ್ಟಿದ. ರೈಕ್ವನು ಗಾಡಿಯ ಕೆಳಗೆ ಕಜ್ಜಿ ಕೆರೆದುಕೊಳ್ಳುತ್ತ ಕುಳಿತಿದ್ದ. 600 ಹಸುಗಳು, ಒಂದು ಹಾರ, ಹೇಸರಗತ್ತೆ ಕಟ್ಟಿದ ರಥ ಇಷ್ಟನ್ನು ತಂದು ಉಪದೇಶ ಬೇಡಿದ ಜಾನಶ್ರುತಿಯನ್ನು ರೈಕ್ವನು ಶೂದ್ರನೆಂದು ಕರೆದು, ಅವೆಲ್ಲ ನಿನ್ನಲ್ಲೇ ಇರಲಿ ಎಂದು ಹಿಂದಕ್ಕೆ ಕಳುಹಿಸಿದ. ಎರಡನೆಯ ಸಲ 1,000 ಹಸುಗಳೊಂದಿಗೆ ತನ್ನ ಮಗಳನ್ನೂ ಒಪ್ಪಿಸಿ ಬೇಡಿಕೊಂಡಾಗ, ಮತ್ತೆ ಶೂದ್ರನೆಂದೇ ಕರೆದು, ಸಂವರ್ಗವಿದ್ಯೆಯನ್ನು ಉಪದೇಶಿಸಿದ. ಹೊರಗೆ ಎಲ್ಲವೂ ವಾಯುವಿನಲ್ಲಿ, ಒಳಗೆ ಎಲ್ಲವೂ ಪ್ರಾಣದಲ್ಲಿ ಲಯವಾಗುತ್ತದೆಂಬ ಉಪಾಸನೆ ಅದು.

ಉಪನಿಷತ್ತಿನ ಮಾತನ್ನು ಇದ್ದ ಹಾಗೆ ಓದಿದರೆ, ಶೂದ್ರನೆಂದು ಸಂಬೋಧಿಸಲ್ಪಟ್ಟವನೊಬ್ಬ ವಿದ್ಯೆಯನ್ನು ಪಡೆದನೆಂದಾಗುತ್ತದೆ. ಹಾಗಾಗದಂತೆ ಮಾಡುವುದು ಮೊದಲ ಸೂತ್ರದ ಕೆಲಸ. ಶೂದ್ರ ಎಂಬುದು ಇಲ್ಲಿ ವರ್ಣದ ಹೆಸರಲ್ಲ, ಹಂಸದ ತಿರಸ್ಕಾರದ ಮಾತಿನಿಂದ ಉಂಟಾದ ಶೋಕ, ಅಂದರೆ ಶುಕ್ ಎಂಬುದು, ಅವನನ್ನು ಓಡಿಸಿಕೊಂಡು ಬಂತಾದ್ದರಿಂದ ಅವನು ಶೂದ್ರ ಎಂದು ಸೂತ್ರವೂ ಭಾಷ್ಯವೂ ಆ ಪದವನ್ನು ಎರಡಾಗಿ ಒಡೆಯುತ್ತವೆ. ಪದಕ್ಕೆ ಲೋಕದಲ್ಲಿ ರೂಢವಾದ ಅರ್ಥವನ್ನು ಬಿಟ್ಟು ಧಾತುಗಳಿಂದ ಎಳೆದು ತಂದ ಅರ್ಥವನ್ನು ಕೊಡಬಾರದು, ರೂಢಿಯೇ ಬಲವತ್ತರ ಎಂಬುದು ಮೀಮಾಂಸೆಯ ಪ್ರಸಿದ್ಧ ನಿಯಮ. ರಥಕಾರನ ವಿಷಯದಲ್ಲಿ ಆ ನಿಯಮವನ್ನೇ ಹಿಡಿದು, ತೇರು ಮಾಡುವ ಕೆಲಸಕ್ಕಿಳಿದ ಯಾವ ದ್ವಿಜನಾದರೂ ರಥಕಾರನೇ ಎಂಬ ಯೌಗಿಕಾರ್ಥವನ್ನು ಮೀಮಾಂಸಕರು ತಳ್ಳಿಹಾಕಿದ್ದರು. ಜಾನಶ್ರುತಿಯ ಬಳಿ ಬಂದಾಗ ಅದೇ ನಿಯಮ ಹಿಂದೆ ಸರಿಯಿತು: ಅವನು ಶೂದ್ರನಾಗಿರಲು ಸಾಧ್ಯವಿಲ್ಲ, ಆದ್ದರಿಂದ ಪದದ ಅರ್ಥ ಬೇರೆಯಿರಬೇಕು. ಮುಂದಿನ ಭಾಗದಲ್ಲಿ ಚೈತ್ರರಥನೆಂಬ ಕ್ಷತ್ರಿಯನ ಪ್ರಸ್ತಾಪ ಬರುವುದು, ಜಾನಶ್ರುತಿಗೆ ಸಾರಥಿ ಇದ್ದದ್ದು ಇವುಗಳನ್ನು ಅವನ ಕ್ಷತ್ರಿಯತ್ವಕ್ಕೆ ಕುರುಹಾಗಿ ಹೇಳಲಾಗಿದೆ. ಕುರುಹುಗಳು ನಿಜವೇ ಇರಬಹುದು, ಅವನು ಕ್ಷತ್ರಿಯನೇ ಆಗಿದ್ದಿರಬಹುದು. ಆದರೆ ತೀರ್ಮಾನ ಮೊದಲು ಬಂದು ಪ್ರಮಾಣ ಆಮೇಲೆ ಬಂತೆಂಬುದು ಭಾಷ್ಯವನ್ನು ಓದುವ ಯಾರಿಗಾದರೂ ತಿಳಿಯುತ್ತದೆ.

ಭಾಷ್ಯದ ತರ್ಕ ಹೀಗೆ ಸಾಗುತ್ತದೆ. ಬಯಕೆಯೊಂದೇ ಅಧಿಕಾರಕ್ಕೆ ಸಾಲದು, ಸಾಮರ್ಥ್ಯವೂ ಬೇಕು, ಲೌಕಿಕ ಸಾಮರ್ಥ್ಯ ಸಾಲದು, ಶಾಸ್ತ್ರೀಯ ಸಾಮರ್ಥ್ಯ ಬೇಕು, ಅದು ವೇದಾಧ್ಯಯನದಿಂದ ಬರತಕ್ಕದ್ದು, ಅಧ್ಯಯನ ಉಪನಯನದಿಂದ, ಉಪನಯನ ಮೂರು ವರ್ಣಗಳಿಗಷ್ಟೇ. ಕೊನೆಯ ಕೊಂಡಿಯವರೆಗೆ ಹೋಗಿ ಹಿಂತಿರುಗಿ ನೋಡಿದರೆ, ಶೂದ್ರನಿಗೆ ಏಕೆ ಕಲಿಸಬಾರದೆಂದರೆ ಅವನಿಗೆ ಸಾಮರ್ಥ್ಯವಿಲ್ಲ, ಏಕೆ ಸಾಮರ್ಥ್ಯವಿಲ್ಲವೆಂದರೆ ಅವನಿಗೆ ಕಲಿಸಿಲ್ಲ ಎಂಬಷ್ಟೇ ಉಳಿಯುತ್ತದೆ. ನಿಷೇಧದ ಪರಿಣಾಮವನ್ನೇ ನಿಷೇಧಕ್ಕೆ ಕಾರಣವಾಗಿ ತೋರಿಸುವ ಈ ವರ್ತುಲ ಜಗತ್ತಿನಲ್ಲಿ ಎಲ್ಲೆಲ್ಲಿ ವಿದ್ಯೆಯನ್ನು ಬುದ್ಧಿಪೂರ್ವಕವಾಗಿ ತಡೆಯಲಾಗಿದೆಯೋ ಅಲ್ಲೆಲ್ಲ ಯಾವುದೋ ರೂಪದಲ್ಲಿ ಕಾಣಿಸುತ್ತದೆ. 1740ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನ ವಸಾಹತು ಗುಲಾಮರಿಗೆ ಬರೆಯಲು ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತು. ಅನಂತರ ಆ ಜನರ ಅನಕ್ಷರತೆಯನ್ನೇ ಅವರ ಹುಟ್ಟುಗುಣವೆಂದು ಬಿಂಬಿಸಲಾಯಿತು.

ಐದನೆಯ ಸೂತ್ರದ ಭಾಷ್ಯದಲ್ಲಿ ಸ್ಮೃತಿಯ ಆಧಾರ ಬರುತ್ತದೆ. ವೇದವನ್ನು ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಯಿಸಿದ ಸೀಸವನ್ನೂ ಅರಗನ್ನೂ ತುಂಬಬೇಕು, ಉಚ್ಚರಿಸಿದರೆ ನಾಲಗೆ ಕತ್ತರಿಸಬೇಕು, ನೆನಪಿನಲ್ಲಿಟ್ಟುಕೊಂಡರೆ ಶರೀರವನ್ನು ಸೀಳಬೇಕು ಎಂಬ, ಗೌತಮ ಧರ್ಮಸೂತ್ರದಲ್ಲಿರುವ ವಿಧಿ ಅದು. ಎಲ್ಲದರೊಳಗೆ ಒಂದೇ ಬ್ರಹ್ಮವನ್ನು ಕಂಡ ಮಹಾನ್ ಚಿಂತಕರೊಬ್ಬರ ಲೇಖನಿಯಿಂದ ಈ ವಿಧಿ ಪ್ರಮಾಣವಾಗಿ ಬಂದಿರುವುದು ಅವರನ್ನು ಗೌರವಿಸುವವರಿಗೇ ಹೆಚ್ಚು ನೋವಿನ ಸಂಗತಿ. ಅಂಥ ಶಿಕ್ಷೆ ಎಷ್ಟು ಸಲ ಜಾರಿಗೆ ಬಂದಿತು ಎಂಬ ವಾದ ಇಲ್ಲಿ ಮುಖ್ಯವಲ್ಲ. ಶಿಕ್ಷೆ ನಡೆಯದಿದ್ದರೂ ಬೆದರಿಕೆ ತನ್ನ ಕೆಲಸ ಮಾಡುತ್ತದೆ, ಮೂರು ನಾಲ್ಕು ತಲೆಮಾರು ಕಳೆದರೆ ಬೆದರಿಕೆಯೂ ಬೇಕಾಗುವುದಿಲ್ಲ, ಹೊರಗೆ ನಿಂತವನೇ ಅದು ನಮ್ಮಂಥವರಿಗಲ್ಲ ಎಂದುಕೊಳ್ಳುತ್ತಾನೆ.

ಶಂಕರರು ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲವೆಂಬುದನ್ನೂ ಹೇಳಬೇಕು. ವಿದುರ, ಧರ್ಮವ್ಯಾಧರಂಥವರು ಹಿಂದಿನ ಜನ್ಮದ ಸಂಸ್ಕಾರದಿಂದ ಜ್ಞಾನಿಗಳಾದರೆಂದೂ, ಜ್ಞಾನ ಬಂದ ಮೇಲೆ ಅದರ ಫಲವನ್ನು ಯಾರೂ ತಪ್ಪಿಸಲಾರರೆಂದೂ, ಇತಿಹಾಸ ಪುರಾಣಗಳನ್ನು ನಾಲ್ಕು ವರ್ಣದವರೂ ಕೇಳಬಹುದೆಂದೂ ಅವರು ಅದೇ ಭಾಷ್ಯದಲ್ಲಿ ಒಪ್ಪಿದ್ದಾರೆ. ನಿಷೇಧಿಸಿದ್ದು ವೇದವೆಂಬ ಒಂದು ಮಾರ್ಗವನ್ನು ಮಾತ್ರ, ಮೋಕ್ಷವನ್ನಲ್ಲ ಎಂಬ ಸಮರ್ಥನೆ ಈ ಮಾತಿನ ಮೇಲೆ ನಿಂತಿದೆ. ಸಮರ್ಥನೆಯಲ್ಲಿ ಸತ್ಯವಿಲ್ಲದೆ ಇಲ್ಲ. ಹರಿಕಥೆ, ಗಮಕ, ಪುರಾಣಶ್ರವಣಗಳ ಮೂಲಕ ಅಕ್ಷರ ಬಾರದ ಜನರಿಗೂ ಒಂದು ಆಳವಾದ ಧರ್ಮಜ್ಞಾನ ಸಿಕ್ಕಿತು. ಆದರೆ ಕೇಳುವ ಹಕ್ಕಿಗೂ ಓದಿ ಪ್ರಶ್ನಿಸುವ ಹಕ್ಕಿಗೂ ಅಂತರ ದೊಡ್ಡದು. ಪುರಾಣ ಕೇಳುವವನು ಹೇಳಿದ್ದನ್ನು ಸ್ವೀಕರಿಸುತ್ತಾನೆ. ಮೂಲವನ್ನು ಓದಬಲ್ಲವನು ಹೇಳುವವನನ್ನು ಪರೀಕ್ಷಿಸುತ್ತಾನೆ. ತಡೆದದ್ದು ಈ ಪರೀಕ್ಷಿಸುವ ಶಕ್ತಿಯನ್ನು.

ಭಾಷ್ಯದ ಈ ಬಿರುಕನ್ನು ಹೊರಗಿನವರಿಗಿಂತ ಮೊದಲು ಕಂಡವರು ರಾಮಾನುಜಾಚಾರ್ಯರು. ಅವರೂ ಅಪಶೂದ್ರಾಧಿಕರಣದ ತೀರ್ಮಾನವನ್ನು ಒಪ್ಪಿದವರೇ. ಆದರೆ ಶ್ರೀಭಾಷ್ಯದಲ್ಲಿ ಅವರು ಅದ್ವೈತಿಗಳಿಗೆ ಒಂದು ಸವಾಲು ಹಾಕುತ್ತಾರೆ. ಬಂಧನವೆಂಬುದು ಬರೀ ಅಜ್ಞಾನ, ವಸ್ತುವಿನ ನಿಜವನ್ನು ತಿಳಿದ ಮಾತ್ರಕ್ಕೆ ಅದು ಅಳಿಯುತ್ತದೆ ಎನ್ನುವವರು ಶೂದ್ರನಿಗೆ ಅಧಿಕಾರವಿಲ್ಲವೆಂದು ಹೇಳುವುದು ಹೇಗೆ? ತಿಳಿದವನೊಬ್ಬನ ಮಾತಿನಿಂದ ಅವನಿಗೂ ನಿಜ ತಿಳಿಯಬಹುದು, ತಿಳಿದರೆ ಬಂಧನ ಹರಿಯಬೇಕು. ಉಪನಯನ, ಅಧ್ಯಯನಗಳ ನಿಯಮ ಅಲ್ಲಿ ಏನು ಮಾಡೀತು? ಪ್ರತಿವಾದಿಯನ್ನು ಸೋಲಿಸಲೆಂದು ಹೂಡಿದ ವಾದವಿದಾದರೂ, ಜ್ಞಾನಕ್ಕೂ ಜನ್ಮಕ್ಕೂ ಸಂಬಂಧ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವುದು ಸಾಧ್ಯವಿಲ್ಲ. ತಿರುಕ್ಕೋಷ್ಟಿಯೂರಿನಲ್ಲಿ ಗುಟ್ಟಾಗಿ ಉಪದೇಶಗೊಂಡ ಮಂತ್ರವನ್ನು ಅವರು ಎಲ್ಲರಿಗೂ ಕೇಳುವಂತೆ ಸಾರಿದರೆಂಬ ಐತಿಹ್ಯವನ್ನೂ, ಮೇಲುಕೋಟೆಯ ದೇವಾಲಯಕ್ಕೆ ಅಸ್ಪೃಶ್ಯರೆನಿಸಿದವರಿಗೆ ತಿರುಕುಲದವರೆಂಬ ಹೆಸರಿತ್ತು ಪ್ರವೇಶ ಕೊಟ್ಟರೆಂಬ ನಂಬಿಕೆಯನ್ನೂ ಈ ವಾದದ ಜೊತೆಗಿಟ್ಟು ನೋಡಿದರೆ, ಆಚಾರ್ಯರ ಮನಸ್ಸು ಸೂತ್ರದ ಚೌಕಟ್ಟಿನೊಳಗೆ ನೆಮ್ಮದಿಯಾಗಿರಲಿಲ್ಲವೆಂದು ಊಹಿಸಲು ಎಡೆಯುಂಟು. ಕಾಶಿಯ ಬೀದಿಯಲ್ಲಿ ದಾರಿ ಬಿಡೆಂದ ಶಂಕರರಿಗೆ ಚಂಡಾಲನೊಬ್ಬ, ಸರಿಯಬೇಕಾದದ್ದು ದೇಹವೋ ಆತ್ಮವೋ ಎಂದು ಕೇಳಿದ ಕಥೆಯನ್ನು ಅದ್ವೈತ ಸಂಪ್ರದಾಯ ಉಳಿಸಿಕೊಂಡು ಬಂದಿರುವುದರ ಹಿಂದೆಯೂ ಅದೇ ಅಸಮಾಧಾನ ಇರಬೇಕು.

ಹೆಣ್ಣಿನ ವಿಷಯದಲ್ಲಿ ಆದದ್ದು ಇನ್ನೂ ಚಿಕ್ಕ ಜಾಗದಲ್ಲಿ ಕಾಣಸಿಗುತ್ತದೆ. ಯಾಜ್ಞವಲ್ಕ್ಯನನ್ನು ತುಂಬಿದ ಸಭೆಯಲ್ಲಿ ಪ್ರಶ್ನಿಸಿದ ಗಾರ್ಗಿ, ಸಂಪತ್ತನ್ನು ಬಿಟ್ಟು ಅಮೃತತ್ವದ ಮಾತನ್ನು ಕೇಳಿದ ಮೈತ್ರೇಯಿ ಇಬ್ಬರೂ ಬೃಹದಾರಣ್ಯಕ ಉಪನಿಷತ್ತಿನವರು. ಅದೇ ಉಪನಿಷತ್ತಿನ ಕೊನೆಯ ಅಧ್ಯಾಯದಲ್ಲಿ, ತನಗೆ ಪಂಡಿತೆಯಾದ, ಪೂರ್ಣಾಯುಷಿಯಾದ ಮಗಳು ಹುಟ್ಟಲಿ ಎಂದು ಬಯಸುವವನು ಹೆಂಡತಿಯೊಡನೆ ಎಳ್ಳನ್ನ ಮಾಡಿ ತುಪ್ಪ ಹಾಕಿಕೊಂಡು ಉಣ್ಣಬೇಕೆಂದು ವಿಧಿಯಿದೆ. ಹೆಣ್ಣು ಮಗು ಬೇಕು, ಅದೂ ಪಂಡಿತೆಯಾಗಿ ಬೇಕು ಎಂದು ಹಾರೈಸಿ ಎಳ್ಳನ್ನ ಉಣ್ಣುವ ದಂಪತಿಗಳ ಚಿತ್ರ ಆ ಪ್ರಾಚೀನ ಗ್ರಂಥದಲ್ಲಿ ಎಷ್ಟು ಸಹಜವಾಗಿ ಬಂದಿದೆ! ಶಂಕರರ ಭಾಷ್ಯ ಅಲ್ಲಿ ಸೇರಿಸುವ ವಿವರಣೆ ಬಹಳ ಚಿಕ್ಕದು: ಮಗಳ ಪಾಂಡಿತ್ಯವೆಂದರೆ ಮನೆಗೆಲಸದ ವಿಷಯದ ಪಾಂಡಿತ್ಯ, ಏಕೆಂದರೆ ವೇದದಲ್ಲಿ ಅವಳಿಗೆ ಅಧಿಕಾರವಿಲ್ಲ. ಮಗನ ಪ್ರಸಂಗದಲ್ಲಿ ಶಾಸ್ತ್ರದ ಅರಿವಾಗಿ ಉಳಿದ ಪಾಂಡಿತ್ಯ ಮಗಳ ಪ್ರಸಂಗದಲ್ಲಿ ಅಡುಗೆಮನೆಗೆ ಸೇರಿತು. ಮಧ್ವಾಚಾರ್ಯರು ಉತ್ತಮಸ್ತ್ರೀಯರಿಗೆ ವೇದದಲ್ಲಿ ಅಧಿಕಾರವುಂಟೆಂಬ ಮಾತನ್ನು ತಮ್ಮ ಭಾಷ್ಯದಲ್ಲಿ ಉದಾಹರಿಸಿದ್ದಾರೆ. ಆದರೆ ಊರ್ವಶಿ, ಯಮಿ, ಶಚಿಯರ ಹೆಸರುಗಳ ಜೊತೆಗೆ ಬಂದ ಆ ಮಾತು ನೆಲದ ಮೇಲಿನ ಹೆಣ್ಣುಮಕ್ಕಳ ಮನೆಬಾಗಿಲಿಗೆ ಬರಲಿಲ್ಲ.

ಅಡುಗೆಮನೆಯ ಆ ಗೋಡೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ 19ನೆಯ ಶತಮಾನದ ಬಂಗಾಳದ ರಾಸಸುಂದರಿ ದೇವಿಯ ಆತ್ಮಕಥೆ ಸಾಕ್ಷಿ. ಓದು ಕಲಿತ ಹೆಣ್ಣು ವಿಧವೆಯಾಗುತ್ತಾಳೆಂಬ ನಂಬಿಕೆ ಹರಡಿದ್ದ ಕಾಲದಲ್ಲಿ ಆಕೆ ಗಂಡನ ಚೈತನ್ಯ ಭಾಗವತದ ಪ್ರತಿಯಿಂದ ಒಂದು ಹಾಳೆಯನ್ನು ಕದ್ದು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಅಕ್ಷರ ತಿದ್ದಿದ ತಾಳೆಗರಿಯ ಜೊತೆ ಅದನ್ನು ಹೋಲಿಸಿ ನೋಡುತ್ತ, ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಅಕ್ಷರಗಳ ನೆನಪಿನಿಂದ ಒಂದೊಂದನ್ನೇ ಗುರುತಿಸುತ್ತ ಓದು ಕಲಿತರು. ಅವರು ಓದಲು ಹಂಬಲಿಸಿದ್ದು ದೇವರ ಕಥೆಯನ್ನು. ಧರ್ಮವನ್ನು ಕಾಯಲೆಂದು ಹಾಕಿದ ತಡೆ, ಭಕ್ತಳೊಬ್ಬಳನ್ನು ಧರ್ಮಗ್ರಂಥದಿಂದಲೇ ದೂರವಿಟ್ಟಿತ್ತು.

ಅಧಿಕಾರವೆಂಬ ಪರಿಕಲ್ಪನೆಯನ್ನೇ ತಲೆಕೆಳಗು ಮಾಡಿದ ಪ್ರಯತ್ನ ನಡೆದದ್ದು 12ನೆಯ ಶತಮಾನದ ಕಲ್ಯಾಣದಲ್ಲಿ. ಉಪನಯನದ ಜಾಗದಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಇಷ್ಟಲಿಂಗದೀಕ್ಷೆ, ಸಂಸ್ಕೃತದ ಜಾಗದಲ್ಲಿ ಆಡುವ ಕನ್ನಡ, ಭಾಷ್ಯದ ಜಾಗದಲ್ಲಿ ಅನುಭಾವ, ಹೀಗೆ ಅಪಶೂದ್ರಾಧಿಕರಣದ ಸರಪಳಿಯ ಒಂದೊಂದು ಕೊಂಡಿಯನ್ನೂ ಶರಣರು ಕಳಚಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರ ಹೆಸರುಗಳಲ್ಲೇ ಕಸುಬು ಇದೆ. ಚೆಲ್ಲಿದ ಅಕ್ಕಿ ಆಯುವ ಲಕ್ಕಮ್ಮ, ರಾಟೆ ತಿರುಗಿಸುವ ಕದಿರೆ ರೆಮ್ಮವ್ವೆ, ಸೂಳೆ ಸಂಕವ್ವೆ ಇವರು ತತ್ತ್ವವನ್ನು ಕೇಳಿಸಿಕೊಳ್ಳುವವರ ಸಾಲಿನಿಂದ ಎದ್ದು ಹೇಳುವವರ ಸಾಲಿಗೆ ಬಂದರು. ವಚನಗಳಲ್ಲಿ ದೋಣಿ, ಹುಟ್ಟು, ಕದಿರು, ಅಕ್ಕಿ ತತ್ತ್ವದ ಪರಿಭಾಷೆಯಾದವು. ಕಾಯಕದ ಅನುಭವವೇ ಶಾಸ್ತ್ರೀಯ ಸಾಮರ್ಥ್ಯವಾಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯ ಮೇಲೆ ಎದ್ದ ಕ್ಷೋಭೆಯಲ್ಲಿ ಕಲ್ಯಾಣದ ಆ ಸಮುದಾಯ ಚೆದುರಿತೆಂದೂ, ವಚನದ ಕಟ್ಟುಗಳನ್ನು ಹೊತ್ತುಕೊಂಡು ಶರಣರು ಉಳವಿಯತ್ತ ನಡೆದರೆಂದೂ ಸಂಪ್ರದಾಯ ಹೇಳುತ್ತದೆ. ಆ ಕಟ್ಟುಗಳಲ್ಲಿ ಉಳಿದದ್ದನ್ನು ಮನೆಮನೆ ಅಲೆದು ಕೂಡಿಸಿದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಈ ನಡುವೆ ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ, ಮಹಲಿಂಗರಂಗನ ಅನುಭವಾಮೃತದಂಥ ಕೃತಿಗಳು ವೇದಾಂತವನ್ನು ಕನ್ನಡಕ್ಕೆ ತಂದು, ಭಾಷೆಯ ಬೇಲಿಯನ್ನಾದರೂ ತೆರೆದವು.

ಆದರೆ ಕಲ್ಯಾಣದಿಂದ ಏಳು ಶತಮಾನ ಕಳೆದ ಮೇಲೆ, ಅದೇ ಕನ್ನಡ ನೆಲದಲ್ಲಿ, ಧರ್ಮಶಾಸ್ತ್ರದ ಹೆಸರನ್ನೇ ಎತ್ತದೆ ಆ ಅಗುಳಿಯನ್ನು ಮತ್ತೆ ಹಾಕಿದ ಪ್ರಸಂಗವೊಂದಿದೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ ಜಾತಿಯ ಬಾಲಕನೊಬ್ಬನಿಗೆ ಪ್ರವೇಶ ನಿರಾಕರಿಸಲಾಯಿತು. ಅವನ ಮನವಿ ಮುಂಬಯಿ ಸರ್ಕಾರದವರೆಗೆ ಹೋಯಿತು. ಜುಲೈ 21ರ ತನ್ನ ನಿರ್ಣಯದಲ್ಲಿ ಸರ್ಕಾರ, ತಾತ್ತ್ವಿಕವಾದ ನ್ಯಾಯ ಆ ಅರ್ಜಿದಾರನ ಕಡೆಗೇ ಇದೆಯೆಂದು ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡೂ, ಒಬ್ಬನೇ ಒಬ್ಬನಿಗಾಗಿ ಅವನನ್ನು ಸೇರಿಸಿಕೊಂಡರೆ ಬಹುಪಾಲು ಜನರಿಗೆ ಶಾಲೆ ನಿರುಪಯೋಗಿಯಾಗುತ್ತದೆಂದು ಹೇಳಿ ಕೈಚೆಲ್ಲಿತು. ಶಾಲೆಯನ್ನು ಉಳಿಸಲೆಂದೇ ಬಾಲಕನನ್ನು ಹೊರಗಿಡಬೇಕೆಂಬ ಈ ಮಾತು, ವೇದವನ್ನು ಉಳಿಸಲೆಂದೇ ಶೂದ್ರನನ್ನು ಹೊರಗಿಡಬೇಕೆಂಬ ಮಾತಿನ ತದ್ರೂಪ. ಆಂಗ್ಲರ ಆಡಳಿತಕ್ಕೆ ಬ್ರಹ್ಮಸೂತ್ರ ಗೊತ್ತಿರಬೇಕಾದ ಅಗತ್ಯವೇನೂ ಬೀಳಲಿಲ್ಲ. ಬಂಗಾಳ ಪ್ರಾಂತ್ಯದ ಸರ್ಕಾರಿ ಶಾಲೆಯಲ್ಲಿ ಬಹುಶಃ ಹೀಗೆ ನಿರಾಕರಿಸುತ್ತಿರಲಿಲ್ಲವೆಂದು ಭಾರತ ಸರ್ಕಾರ ಮರುವರ್ಷ ಅಭಿಪ್ರಾಯಪಟ್ಟಿತು. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲಿ ಹೇಳಿತು. ಇಷ್ಟೆಲ್ಲ ಕಾಗದ ಓಡಾಡಲು ಕಾರಣನಾದವನು ಇತಿಹಾಸದಲ್ಲಿ ಧಾರವಾಡದ ಮಹಾರ ಬಾಲಕನೆಂದಷ್ಟೇ ಉಳಿದಿದ್ದಾನೆ.

ನಿಯಮ ತೆರೆದರೂ ನಡವಳಿಕೆ ತೆರೆಯಲಿಲ್ಲ. ಆ ನಿಯಮಕ್ಕೆ ಮೊದಲೇ, 1848ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆಯವರು ಆರಂಭಿಸಿದ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ದಾರಿಯಲ್ಲಿ ಸಗಣಿ, ಕೆಸರು ಎರಚುತ್ತಿದ್ದರು. ಅವರು ಬದಲಿಸಲು ಇನ್ನೊಂದು ಸೀರೆಯನ್ನು ಜೊತೆಯಲ್ಲಿ ಕೊಂಡೊಯ್ಯುತ್ತಿದ್ದರು. ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರವನ್ನು ಅನುಭವಿಸಿದರು. ಬಾಲಕ ಅಂಬೇಡ್ಕರರು ಶಾಲೆಗೆ ಒಂದು ಗೋಣಿತಾಟನ್ನು ಹೊತ್ತೊಯ್ದು ಅದರ ಮೇಲೆ ಕುಳಿತು, ಶಾಲೆಯ ಜವಾನ ಅದನ್ನು ಮುಟ್ಟಲಾರನೆಂಬ ಕಾರಣಕ್ಕೆ ದಿನವೂ ಸಂಜೆ ಮನೆಗೆ ಹೊತ್ತು ತರುತ್ತಿದ್ದರು. ಮುಂದೆ ಮುಂಬಯಿಯಲ್ಲಿ ಪ್ರೌಢಶಾಲೆ ಓದುವಾಗ ಸಂಸ್ಕೃತ ಕಲಿಯಲು ಅವರಿಗೆ ಅವಕಾಶ ಸಿಗದೆ ಪಾರಸಿ ತೆಗೆದುಕೊಳ್ಳಬೇಕಾಯಿತು. 20ನೆಯ ಶತಮಾನದ ಶಾಲೆಯ ವೇಳಾಪಟ್ಟಿಯಲ್ಲಿ ಅಪಶೂದ್ರಾಧಿಕರಣ ಹೀಗೆ ಉಸಿರಾಡುತ್ತಿತ್ತು. ಸಂಸ್ಕೃತವನ್ನು ಅವರು ಆಮೇಲೆ ಸ್ವಂತ ಪ್ರಯತ್ನದಿಂದ ಕಲಿತರು, ಧರ್ಮಶಾಸ್ತ್ರಗಳನ್ನು ಓದಿದರು, ಹೇಳುವವರನ್ನು ಪರೀಕ್ಷಿಸಿದರು. ಯಾವ ಶಕ್ತಿಯನ್ನು ತಡೆಯಲೆಂದು ಅಗುಳಿ ಹಾಕಲಾಗಿತ್ತೋ ಆ ಶಕ್ತಿ ಹಾಗೆ ಬಳಕೆಗೆ ಬಂತು.

ಈಗ ಭಾರತದಲ್ಲಿ 6ರಿಂದ 14 ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಶಿಕ್ಷಣ ಮೂಲಭೂತ ಹಕ್ಕು. 2002ರ ಸಂವಿಧಾನ ತಿದ್ದುಪಡಿಯಿಂದ ಬಂದ ಈ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅರ್ಹತೆಯ ಪ್ರಶ್ನೆಯನ್ನು ಅದು ಮಗುವಿನ ಹೆಗಲಿನಿಂದ ಇಳಿಸಿ ಕಲಿಸಬೇಕಾದವರ ಹೆಗಲಿಗೆ ಹೊರಿಸಿದೆ. ಆದರೆ ಅಫ್ಘಾನಿಸ್ತಾನದಲ್ಲಿ 2021ರಿಂದ ಹೆಣ್ಣುಮಕ್ಕಳಿಗೆ ಆರನೆಯ ತರಗತಿಯ ಆಚೆಗೂ, 2022ರ ಡಿಸೆಂಬರಿನಿಂದ ವಿಶ್ವವಿದ್ಯಾಲಯಕ್ಕೂ ಬಾಗಿಲು ಮುಚ್ಚಿದವರು ಬಳಸುತ್ತಿರುವುದು ಅದೇ ಹಳೆಯ ರಕ್ಷಣೆಯ ಭಾಷೆಯನ್ನು, ಧರ್ಮದ ರಕ್ಷಣೆ, ಮಾನದ ರಕ್ಷಣೆ ಎಂಬ ಮಾತುಗಳನ್ನು.

ಬ್ರಹ್ಮಸೂತ್ರಭಾಷ್ಯವನ್ನು ಪಾಠ ಹೇಳುವ ಮಠಗಳಲ್ಲಿಯೂ ಸಂಸ್ಕೃತ ಪಾಠಶಾಲೆಗಳಲ್ಲಿಯೂ ಮುಜುಗರದಿಂದ ಈ ಐದು ಸೂತ್ರಗಳನ್ನು ದಾಟಿಹೋಗುವ ಮನಸ್ಸು ಯಾರಿಗಾದರೂ ಬರಬಹುದು. ದಾಟಿಹೋಗಬಾರದು, ಬಚ್ಚಿಡುವುದೂ ವಿದ್ಯೆಗೆ ಅಡ್ಡ ನಿಲ್ಲುವುದೇ ಆಗುತ್ತದೆ. ಅಪಶೂದ್ರಾಧಿಕರಣವನ್ನು ಪೂರ್ತಿಯಾಗಿ ಓದಿಸಬೇಕು, ಅದರ ಪಕ್ಕದಲ್ಲಿ ದೇವತಾಧಿಕರಣದ ಉಪನಯನದ ಮಾತನ್ನು, ಬಾದರಿಯ ಸೂತ್ರವನ್ನು, ನಿಷಾದಸ್ಥಪತಿಯ ಚರ್ಚೆಯನ್ನು, ರಾಮಾನುಜರ ಸವಾಲನ್ನು ಇಟ್ಟು ಓದಿಸಬೇಕು, ಆ ಪಾಠಕ್ಕೆ ಯಾವ ಕುಲದ ಯಾವ ಹುಡುಗಿ ಬಂದು ಕುಳಿತರೂ ಅವಳಿಗೆ ಮೊದಲ ಸಾಲಿನಲ್ಲಿ ಜಾಗ ಕೊಡಬೇಕು.